ಕೋಲಿನ ಮೇಲಿನ ನಂಬರು, ನೀರಿನ ಮೇಲಿನ ದೂರ

(ಪ್ಯಾನ್‌ಫಿಶ್‌ಗೆ ಹಗುರ ಫ್ಲೈ ಕೋಲು ಮತ್ತು ಲೈನ್ ಹೊಂದಿಸುವ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ಮೂರು ವಸ್ತುಗಳನ್ನು ಇಟ್ಟಿದ್ದೇನೆ. ಒಂದು ಗ್ರಾಮಿನ ಹತ್ತನೇ ಒಂದು ಭಾಗವನ್ನೂ ತೋರಿಸುವ ಚಿಕ್ಕ ತಕ್ಕಡಿ, ಒಂದು ಅಳತೆ ಟೇಪು, ಒಂದು ಫ್ಲೈ ಲೈನ್. ಲೈನಿನ ಡಬ್ಬಿಯ ಮೇಲೆ 3 ಎಂದು ಬರೆದಿದೆ. ಏಳಡಿ ಉದ್ದದ ನನ್ನ ಕೋಲಿನ ಮೇಲೂ 3 ಎಂದೇ ಬರೆದಿದೆ. ಎರಡೂ ನಂಬರು ಒಂದೇ ಆದ ಮೇಲೆ ಜೋಡಿ ಸರಿಯಾಯಿತು ಎಂದು ನಾನು ಎಷ್ಟೋ ವರ್ಷ ನಂಬಿದ್ದೆ. ಆ ನಂಬಿಕೆಯಲ್ಲಿ ಏನು ತಪ್ಪಿತ್ತು ಎಂಬುದೇ ಈ ಸಂಜೆಯ ಮಾತು.

ಪ್ಯಾನ್‌ಫಿಶ್ ಎನ್ನುವುದು ಒಂದು ಮೀನಿನ ಹೆಸರಲ್ಲ. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವ ಗಾತ್ರದ ಮೀನುಗಳಿಗೆಲ್ಲ ಉತ್ತರ ಅಮೆರಿಕದ ಗಾಳಗಾರರು ಇಟ್ಟ ಒಟ್ಟು ಹೆಸರು. ಬ್ಲೂಗಿಲ್, ಪಂಪ್ಕಿನ್‌ಸೀಡ್, ರೆಡ್‌ಇಯರ್ ಮುಂತಾದ ಸನ್‌ಫಿಶ್‌ಗಳು, ಕ್ರಾಪಿ, ಯೆಲ್ಲೋ ಪರ್ಚ್ ಎಲ್ಲವೂ ಇದರಲ್ಲಿ ಸೇರುತ್ತವೆ. ಬ್ಲೂಗಿಲ್ ಸಾಮಾನ್ಯವಾಗಿ ಅಂಗೈಯಷ್ಟೇ ಅಗಲ. ಆದರೆ 1950ರಲ್ಲಿ ಅಲಬಾಮದ ಕೆಟೋನಾ ಕೆರೆಯಲ್ಲಿ 4 ಪೌಂಡ್ 12 ಔನ್ಸ್ ತೂಕದ ಒಂದು ಬ್ಲೂಗಿಲ್ ಸಿಕ್ಕಿತ್ತು. ಅದು ದಾಖಲೆಯ ಮಾತು. ನಮಗೆ ನಿಮಗೆ ಸಿಗುವುದು ಅರ್ಧ ಪೌಂಡಿನ ಆಸುಪಾಸಿನದು. ಆದರೂ ಅದು ಗಾಳ ಕಚ್ಚಿದ ಮೇಲೆ ನೇರವಾಗಿ ಓಡುವುದಿಲ್ಲ. ತಟ್ಟೆಯಂಥ ಮೈಯನ್ನು ಅಡ್ಡ ತಿರುಗಿಸಿ, ನೀರನ್ನೇ ಆತು ಹಿಡಿದು, ಸುತ್ತು ಹೊಡೆಯುತ್ತದೆ. ಭಾರದ ಕೋಲು ಹಿಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಹಗುರ ಕೋಲಿನಲ್ಲಿ ಆ ಸುತ್ತಿನ ಒಂದೊಂದು ಎಳೆತವೂ ಅಂಗೈಗೆ ಬಂದು ತಾಗುತ್ತದೆ. ನಾವು 1, 2, 3, 4 ನಂಬರಿನ ಕೋಲುಗಳ ಹಿಂದೆ ಬೀಳುವುದು ಇದೇ ಕಾರಣಕ್ಕೆ.

ಫ್ಲೈ ಗಾಳಕ್ಕೆ ಹೊಸಬರಾದವರು ಇಲ್ಲಿದ್ದೀರಿ, ಆದ್ದರಿಂದ ಮೂಲದ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ಸಾಮಾನ್ಯ ಗಾಳದಲ್ಲಿ ತುದಿಯ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಎಂದರೆ ಕೊಕ್ಕೆಗೆ ಸುತ್ತಿದ ಒಂದಿಷ್ಟು ಗರಿ, ನೂಲು, ರೋಮ. ಅದಕ್ಕೆ ತೂಕವೇ ಇಲ್ಲ. ಇಲ್ಲಿ ಎಸೆಯುವುದು ಲೈನನ್ನು. ದಪ್ಪನೆಯ ಲೈನ್ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತ ಹೋಗಿ, ತನ್ನ ಬಲವನ್ನು ಲೀಡರಿಗೆ, ಅಂದರೆ ತನ್ನ ತುದಿಗೆ ಕಟ್ಟಿದ ತೆಳ್ಳಗಿನ ದಾರಕ್ಕೆ, ಕೊಟ್ಟು, ಲೀಡರು ಅದನ್ನು ಫ್ಲೈಗೆ ಮುಟ್ಟಿಸುತ್ತದೆ. ಕೋಲು ಬಾಗಬೇಕಾದರೆ ಲೈನಿನ ತೂಕ ಬೇಕು. ಬಾಗದ ಕೋಲು ಬರೀ ಕೋಲು.

ಈಗ ನಂಬರಿಗೆ ಬರೋಣ. ರೇಷ್ಮೆ ಲೈನುಗಳ ಕಾಲದಲ್ಲಿ ಲೈನನ್ನು ಅಕ್ಷರಗಳಿಂದ ಗುರುತಿಸುತ್ತಿದ್ದರು. ಎಚ್ ಎಂದರೆ ಅಂಗುಲದ ಸಾವಿರದಲ್ಲಿ 25 ಭಾಗ ದಪ್ಪ, ಡಿ ಎಂದರೆ 45 ಭಾಗ. ಎಚ್‌ಡಿಎಚ್ ಎಂದು ಬರೆದಿದ್ದರೆ ಎರಡೂ ತುದಿ ತೆಳ್ಳಗೆ, ನಡು ದಪ್ಪ ಎಂದು ಅರ್ಥ. ಎಲ್ಲರೂ ರೇಷ್ಮೆಯನ್ನೇ ಬಳಸುವವರೆಗೆ ದಪ್ಪ ಹೇಳಿದರೆ ತೂಕವೂ ಹೇಳಿದಂತೆಯೇ. ನೈಲಾನ್ ಬಂದಾಗ ಲೆಕ್ಕ ಕೆಟ್ಟಿತು. ಅಷ್ಟೇ ದಪ್ಪದ ನೈಲಾನ್ ರೇಷ್ಮೆಗಿಂತ ಹಗುರ. ಅದರ ಮೇಲೆ ಪಿವಿಸಿ ಲೇಪನದ ಲೈನುಗಳು ಬಂದವು. ತೇಲುವುದು ಬೇರೆ, ಮುಳುಗುವುದು ಬೇರೆ. ಹಳೆಯ ಕೋಲಿಗೆ ಹಳೆಯ ಅಕ್ಷರ ನೋಡಿ ಹೊಸ ಲೈನ್ ಹಾಕಿದವರ ಕೈಯಲ್ಲಿ ಕೋಲು ಮೊದಲಿನಂತೆ ನಡೆದುಕೊಳ್ಳಲಿಲ್ಲ.

ಹಾಗಾಗಿ 1960ರ ದಶಕದ ಆರಂಭದ ಹೊತ್ತಿಗೆ ಅಮೆರಿಕದ ಗಾಳ ಸಲಕರಣೆ ತಯಾರಕರ ಸಂಘ ದಪ್ಪವನ್ನು ಬಿಟ್ಟು ತೂಕವನ್ನು ಹಿಡಿಯಿತು. ಲೈನಿನ ಮೊದಲ 30 ಅಡಿಯನ್ನು ತೂಗುವುದು, ಅದರ ತೂಕ ಗ್ರೇನಿನಲ್ಲಿ ಎಷ್ಟು ಬರುತ್ತದೆಯೋ ಅದಕ್ಕೆ ತಕ್ಕ ನಂಬರು ಕೊಡುವುದು. ತುದಿಯಲ್ಲಿ ಒಂದೇ ದಪ್ಪದ ಚಿಕ್ಕ ತುಂಡು ಇದ್ದರೆ ಅದನ್ನು ಬಿಟ್ಟು ಅಳೆಯಬೇಕು. ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ. 1 ನಂಬರಿಗೆ 60 ಗ್ರೇನ್, 2ಕ್ಕೆ 80, 3ಕ್ಕೆ 100, 4ಕ್ಕೆ 120, 5ಕ್ಕೆ 140. ಈ ಐದಕ್ಕೂ 6 ಗ್ರೇನ್ ಆಚೀಚೆ ಆಗಬಹುದು. ಗ್ರಾಮಿನಲ್ಲಿ ಹೇಳಿದರೆ 1 ನಂಬರಿನ ಮೂವತ್ತಡಿ 4 ಗ್ರಾಂ ಕೂಡ ತೂಗುವುದಿಲ್ಲ, 3 ನಂಬರಿನದು ಆರೂವರೆ ಗ್ರಾಂ. ಒಂದೊಂದು ಮೆಟ್ಟಿಲಿಗೂ ಇರುವ ಅಂತರ 1.3 ಗ್ರಾಂ ಮಾತ್ರ. ಇಷ್ಟು ಸಣ್ಣ ಅಂತರಕ್ಕಾಗಿ ನಾವು ಇಷ್ಟು ಚರ್ಚಿಸುತ್ತೇವೆ, ಮತ್ತು ಚರ್ಚಿಸುವುದು ಸರಿ. 60 ಗ್ರೇನಿಗೆ 20 ಸೇರಿದರೆ ಮೂರನೇ ಒಂದು ಭಾಗ ಹೆಚ್ಚಾಯಿತು. ಅದೇ 20ನ್ನು 280 ಗ್ರೇನಿನ 10 ನಂಬರ್ ಲೈನಿಗೆ ಸೇರಿಸಿ ನೋಡಿ, ಕೈಗೆ ಅಷ್ಟಾಗಿ ತಿಳಿಯುವುದಿಲ್ಲ. ಹಗುರ ಕೋಲುಗಳಲ್ಲಿ ಒಂದು ನಂಬರಿನ ವ್ಯತ್ಯಾಸ ದೊಡ್ಡದು.

ಲೈನಿನ ನಂಬರು ತೂಗಿ ಕೊಟ್ಟದ್ದು. ಕೋಲಿನ ನಂಬರು ಹಾಗಲ್ಲ. ಅದಕ್ಕೆ ತಕ್ಕಡಿ ಇಲ್ಲ. ಕೋಲು ಮಾಡಿದವರು ಎಸೆದು ನೋಡಿ, ಇದಕ್ಕೆ ಈ ಲೈನ್ ಚೆನ್ನ ಎಂದು ತಮಗೆ ತೋಚಿದ್ದನ್ನು ಬರೆದಿರುತ್ತಾರೆ. ಅನುಭವಿಗಳ ಅಭಿಪ್ರಾಯ ಅದು, ಅದಕ್ಕೆ ಬೆಲೆ ಇದೆ. ಆದರೆ ಅದು ಅಭಿಪ್ರಾಯ, ಅಳತೆಯಲ್ಲ. ಅದರ ಬೆನ್ನಿಗಿರುವ ಊಹೆ ಏನೆಂದರೆ, ಕೋಲಿನ ತುದಿಯಿಂದ ಹೊರಗೆ ಹತ್ತಿರ ಹತ್ತಿರ 30 ಅಡಿ ಲೈನ್ ಇರುತ್ತದೆ ಎನ್ನುವುದು.

ಇರುತ್ತದೆಯೇ? ಒಂದು ಸಂಜೆ ಕೆರೆಯ ದಂಡೆಯಲ್ಲಿ ನಾನು ಟೇಪು ಹಿಡಿದು ಅಳೆದೆ. ಬೇಸಿಗೆಯ ಮೊದಲ ದಿನಗಳು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ದಂಡೆಯ ಹತ್ತಿರ ಮೊಣಕಾಲುದ್ದ ನೀರಿನಲ್ಲಿ ಬ್ಲೂಗಿಲ್‌ಗಳು ಗೂಡು ಮಾಡಿದ್ದವು. ಗಂಡು ಮೀನು ಬಾಲದಿಂದ ಬೀಸಿ ಬೀಸಿ ಕೆಸರು ಸರಿಸಿ, ಕೆಳಗಿನ ಮರಳು ಕಾಣುವಂತೆ ಊಟದ ತಟ್ಟೆಯಷ್ಟು ತಗ್ಗು ಮಾಡುತ್ತದೆ. ಒಂದರ ಪಕ್ಕ ಒಂದು, ತೆಳು ಬಣ್ಣದ ವೃತ್ತಗಳು, ಪ್ರತಿಯೊಂದರ ಮೇಲೂ ಅಲುಗದೆ ನಿಂತ ಒಂದು ಕಪ್ಪು ನೆರಳು. ನಾನು ನಿಂತ ಜಾಗದಿಂದ ಆ ಗೂಡುಗಳ ಅಂಚಿಗೆ 35 ಅಡಿ. ಅದರಲ್ಲಿ ಏಳೂವರೆ ಅಡಿ ಲೀಡರು. ಮುಂದೆ ಚಾಚಿದ ಕೋಲು ಏಳು ಅಡಿ. ಉಳಿದದ್ದು ಇಪ್ಪತ್ತೂವರೆ ಅಡಿ ಲೈನ್. ಅವತ್ತು ನಾನು ಎಸೆದ ಅತಿ ದೂರದ ಎಸೆತವೇ ಅದು.

ಈ ಇಪ್ಪತ್ತಡಿ ಲೈನಿನ ತೂಕ ಎಷ್ಟು? 3 ನಂಬರಿನ ಲೈನಿನಲ್ಲಿ ನಡುವಿನ ದಪ್ಪ ಭಾಗ ಅಡಿಗೆ ಸುಮಾರು ಮೂರೂವರೆ ಗ್ರೇನ್ ಇರುತ್ತದೆ. ಮುಂದಿನ ತುದಿ ಸಣ್ಣಗಾಗುತ್ತ ಬರುವುದರಿಂದ ಅಲ್ಲಿ ಇನ್ನೂ ಕಡಿಮೆ. 100 ಗ್ರೇನಿನ ಮೂವತ್ತಡಿಯಿಂದ ಹಿಂದಿನ ಹತ್ತಡಿ ಕಳೆದರೆ ಉಳಿಯುವುದು 60ರಿಂದ 65 ಗ್ರೇನ್. ನನ್ನ 3 ನಂಬರಿನ ಕೋಲು ಅವತ್ತು ಸಂಜೆಯೆಲ್ಲ ಹೊತ್ತದ್ದು 1 ನಂಬರಿನ ಭಾರವನ್ನು. ಅದೂ ಅತಿ ದೂರದ ಎಸೆತದಲ್ಲಿ. ಹತ್ತಿರದ ಎಸೆತಗಳಲ್ಲಿ ಅದಕ್ಕಿಂತಲೂ ಕಡಿಮೆ. ಕೋಲು ಬಾಗುವುದೇ ಇಲ್ಲ, ಎಲ್ಲವನ್ನೂ ನನ್ನ ತೋಳೇ ಮಾಡಬೇಕು, ಲೈನ್ ನೀರಿಗೆ ಬಿದ್ದಾಗ ಲೀಡರು ಮುದ್ದೆಯಾಗಿ ಕೂರುತ್ತದೆ ಎಂದು ನಾನು ಎಷ್ಟು ದಿನ ಕೊರಗಿದ್ದೆನೋ, ಅದರ ಕಾರಣ ಈ ಕೂಡಿಸಿ ಕಳೆಯುವ ಲೆಕ್ಕದಲ್ಲಿತ್ತು.

ಪ್ಯಾನ್‌ಫಿಶ್ ಹಿಡಿಯುವವರು ಲೈನ್ ಆರಿಸಬೇಕಾದದ್ದು ಕೋಲಿನ ಮೇಲಿನ ನಂಬರಿಗೆ ಅಲ್ಲ, ತಾವು ನಿಜವಾಗಿ ಎಸೆಯುವ ದೂರಕ್ಕೆ. ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ. ಆ ದೂರದಲ್ಲಿ ಒಂದು ನಂಬರು ಮೇಲಿನ ಲೈನ್ ಹಾಕಿದರೆ ಕೋಲಿಗೆ ಭಾರವಾಗುತ್ತದೆ ಎಂದು ಹೆದರುವವರಿದ್ದಾರೆ. ಲೆಕ್ಕ ಹಾಕಿ ನೋಡೋಣ. 4 ನಂಬರಿನ ಇಪ್ಪತ್ತಡಿ 80 ಗ್ರೇನನ್ನು ಮುಟ್ಟುವುದಿಲ್ಲ. 3 ನಂಬರಿನ ಕೋಲಿಗೆ ಹೇಳಿರುವ 100 ಗ್ರೇನಿಗಿಂತ ಅದು ಇನ್ನೂ ಹಗುರವೇ. ಮುರಿಯುವ ಮಾತು ಎಲ್ಲಿಂದ ಬಂತು?

ಆದರೆ ಇದನ್ನು ಮಂತ್ರದಂತೆ ಎಲ್ಲ ಕೋಲಿಗೂ ಹಾಕಬೇಡಿ. ಕೋಲುಗಳ ಸ್ವಭಾವ ಬೇರೆ ಬೇರೆ. ಈಗಿನ ಗ್ರಾಫೈಟ್ ಕೋಲುಗಳಲ್ಲಿ ಬಹಳಷ್ಟು ಬಿರುಸು. ತುದಿ ಮಾತ್ರ ಬಾಗಿ, ಬುಡ ಗಟ್ಟಿಯಾಗಿ ನಿಲ್ಲುತ್ತದೆ. ಇಂಥ ಕೋಲಿಗೆ ಒಂದು ನಂಬರು ಮೇಲಿನ ಲೈನ್ ಹಾಕಿದರೆ ಹತ್ತಿರದ ಎಸೆತಕ್ಕೆ ಜೀವ ಬರುತ್ತದೆ. ಫೈಬರ್ ಗ್ಲಾಸ್ ಕೋಲು ಹಾಗಲ್ಲ. ಅದು ಮೆತ್ತಗೆ, ಹಿಡಿಯವರೆಗೂ ಬಾಗುವಂಥದ್ದು, ಹದಿನೈದು ಅಡಿ ಲೈನಿಗೇ ಸ್ಪಂದಿಸುತ್ತದೆ. ಅದಕ್ಕೆ ಬರೆದಷ್ಟೇ ನಂಬರು ಸಾಕು. ಮೇಲಿನ ನಂಬರು ಹಾಕಿದರೆ ತುದಿ ಸೋತು, ಗಾಳಿಯಲ್ಲಿ ಲೈನ್ ಮಾಡುವ ಕುಣಿಕೆ ಅಗಲವಾಗಿ ತೆರೆದುಕೊಂಡು, ಎಸೆತದ ಬಲವೆಲ್ಲ ಸೋರಿಹೋಗುತ್ತದೆ. ನನ್ನನ್ನು ಕೇಳಿದರೆ ಪ್ಯಾನ್‌ಫಿಶ್‌ಗೆ ಫೈಬರ್ ಗ್ಲಾಸ್‌ನಷ್ಟು ಒಪ್ಪುವ ಕೋಲು ಇನ್ನೊಂದಿಲ್ಲ. ದೂರ ಎಸೆಯುವ ಪೈಪೋಟಿಯಲ್ಲಿ ಅದು ಸೋತಿರಬಹುದು, ಆದರೆ ನಮ್ಮ ಮೀನು ದೂರದಲ್ಲಿಲ್ಲ.

ನಿಮ್ಮ ಕೋಲು ಎಷ್ಟು ಬಿರುಸು ಎಂದು ತಿಳಿಯಲು ಒಂದು ಸರಳ ಉಪಾಯವಿದೆ. ವಿಲಿಯಂ ಹ್ಯಾನೆಮನ್ ಎಂಬವರು ರೂಪಿಸಿದ್ದು, ಕಾಮನ್ ಸೆಂಟ್ಸ್ ಎಂದು ಅದಕ್ಕೆ ಹೆಸರು. ಕೋಲಿನ ಹಿಡಿಯನ್ನು ಅಲುಗದಂತೆ ಅಡ್ಡಡ್ಡ ಕಟ್ಟಿ, ತುದಿಗೆ ಒಂದು ತೆಳ್ಳನೆಯ ಚೀಲ ನೇತುಹಾಕಿ, ಅದರೊಳಗೆ ಅಮೆರಿಕದ ಒಂದು ಸೆಂಟಿನ ನಾಣ್ಯಗಳನ್ನು ಒಂದೊಂದಾಗಿ ಹಾಕುತ್ತ ಹೋಗುವುದು. ಈಗಿನ ಸತುವಿನ ಸೆಂಟು ಒಂದಕ್ಕೆ ಸರಿಯಾಗಿ ಎರಡೂವರೆ ಗ್ರಾಂ. ಕೋಲಿನ ತುದಿ ಅದರ ಉದ್ದದ ಮೂರನೇ ಒಂದು ಭಾಗದಷ್ಟು ಕೆಳಗೆ ಇಳಿದಾಗ ನಿಲ್ಲಿಸಿ ನಾಣ್ಯ ಎಣಿಸಬೇಕು. ಆ ಎಣಿಕೆಯಿಂದ ಕೋಲಿನ ನಿಜವಾದ ನಂಬರನ್ನು ತಿಳಿಯಲು ಒಂದು ಪಟ್ಟಿ ಇದೆ. ಪಟ್ಟಿ ಇಲ್ಲದಿದ್ದರೂ ಪರವಾಗಿಲ್ಲ, ನಿಮ್ಮಲ್ಲಿ ಎರಡು ಕೋಲಿದ್ದರೆ ಎರಡನ್ನೂ ಹೀಗೆ ಬಾಗಿಸಿ ನೋಡಿ. ನಾನು ನೋಡಿದಾಗ, 3 ನಂಬರು ಎಂದು ಬರೆದ ಎರಡು ಕೋಲುಗಳಲ್ಲಿ ಒಂದು ಇನ್ನೊಂದಕ್ಕಿಂತ ಬೇಗ ತಲೆ ಬಾಗಿಸಿತು. ನಂಬರು ಅದೇ, ಉದ್ದ ಅದೇ, ನಾಣ್ಯಗಳು ಬೇರೆ. ಅಂದಿನಿಂದ ಬರೆದ ನಂಬರನ್ನು ನಾನು ಸಲಹೆಯಾಗಿ ಮಾತ್ರ ಓದುತ್ತೇನೆ.

ಇನ್ನು ಈ ಲೈನ್. ಬನ್ನಿ, ಹತ್ತಿರ ಬಂದು ನೋಡಿ. ಟೇಪಿನಿಂದ ಮೂವತ್ತಡಿ ಅಳೆದು ಗುರುತು ಮಾಡಿದ್ದೇನೆ. ಈ ಭಾಗವನ್ನು ಸುರುಳಿ ಸುತ್ತಿ ತಕ್ಕಡಿಯ ಮೇಲೆ ಇಡುತ್ತೇನೆ, ಉಳಿದದ್ದು ಪಕ್ಕದಲ್ಲಿ ಮೇಜಿನ ಮೇಲೆ, ತಕ್ಕಡಿಯನ್ನು ಎಳೆಯದಂತೆ. 7.4 ಗ್ರಾಂ. ಗ್ರೇನಿನಲ್ಲಿ 114. ಡಬ್ಬಿಯ ಮೇಲೆ 3 ಎಂದಿದೆ. 3 ನಂಬರಿನ ಮಿತಿ 94ರಿಂದ 106. 4 ನಂಬರು ಶುರುವಾಗುವುದೇ 114ರಿಂದ. ಅಂದರೆ ಇದು 3 ಎಂಬ ಹೆಸರಿನ 4. ಇದನ್ನು ಮೋಸ ಎಂದು ನಾನು ಹೇಳುವುದಿಲ್ಲ. ಬಿರುಸು ಕೋಲುಗಳು ಹೆಚ್ಚಾದ ಮೇಲೆ ಲೈನ್ ತಯಾರಕರು ಅರ್ಧ ನಂಬರು, ಕೆಲವೊಮ್ಮೆ ಒಂದು ಇಡೀ ನಂಬರು ಭಾರವಾಗಿಯೇ ಲೈನ್ ಮಾಡುತ್ತಿದ್ದಾರೆ. ಹಲವರು ಡಬ್ಬಿಯ ಮೇಲೆ ಗ್ರೇನ್ ತೂಕವನ್ನೂ ಅಚ್ಚು ಹಾಕಿಸುತ್ತಾರೆ. ಆ ಸಣ್ಣ ಅಕ್ಷರವನ್ನು ಓದಿ. ನನ್ನ ಬಿರುಸು ಕೋಲಿಗೆ ಯಾವ ಲೈನ್ ಹಾಕಿದರೂ ಒಪ್ಪದೆ, ಇದೊಂದು ಮಾತ್ರ ಯಾಕೆ ಹೊಂದಿತು ಎಂಬುದು ತಕ್ಕಡಿ ತರುವವರೆಗೆ ನನಗೆ ಗೊತ್ತಾಗಿರಲಿಲ್ಲ. ಆಗಲೇ ಭಾರವಿರುವ ಇಂಥ ಲೈನನ್ನು ಮತ್ತೆ ಒಂದು ನಂಬರು ಮೇಲಕ್ಕೆ ಕೊಂಡರೆ ಎರಡು ನಂಬರು ಏರಿದ ಹಾಗಾಗುತ್ತದೆ. ಗೂಡಿನ ಮೇಲೆ ಅದು ಬಿದ್ದರೆ ಸದ್ದಾಗುತ್ತದೆ, ನೆರಳುಗಳೆಲ್ಲ ಒಮ್ಮೆಗೇ ಆಳಕ್ಕೆ ಜಾರಿಹೋಗುತ್ತವೆ.

ಮೀನಿನ ಗಾತ್ರ ನೋಡಿ ನಂಬರು ಆರಿಸುವುದು ಇನ್ನೊಂದು ಸಾಮಾನ್ಯ ತಪ್ಪು. ಚಿಕ್ಕ ಮೀನು, ಆದ್ದರಿಂದ 1 ನಂಬರು ಎನ್ನುತ್ತಾರೆ. ಮೀನಿಗಿಂತ ಮೊದಲು ಫ್ಲೈಯನ್ನು ನೋಡಬೇಕು. ಬ್ಲೂಗಿಲ್ ಬಾಯಿ ಚಿಕ್ಕದು, ಅದಕ್ಕೆ 10 ಅಥವಾ 12ನೇ ನಂಬರಿನ ಕೊಕ್ಕೆ ಸರಿ (ಕೊಕ್ಕೆಯಲ್ಲಿ ನಂಬರು ಹೆಚ್ಚಾದಷ್ಟೂ ಗಾತ್ರ ಚಿಕ್ಕದು). ಒದ್ದೆಯಾಗಿ ಮುಳುಗುವ, ನಿಂಫ್ ಎಂಬ ಪುಟ್ಟ ಫ್ಲೈ ಆದರೆ 2 ನಂಬರಿನ ಲೈನ್ ಅದನ್ನು ಸಲೀಸಾಗಿ ಒಯ್ಯುತ್ತದೆ. ಅದೇ ಗಾತ್ರದ ಕೊಕ್ಕೆಗೆ ಕಾರ್ಕಿನ ತಲೆ, ರಬ್ಬರಿನ ಕಾಲು ಕಟ್ಟಿದ ಪಾಪರ್ ಆದರೆ? ಅದರ ಮುಖ ಚಪ್ಪಟೆ, ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. 2 ನಂಬರಿನ ಲೈನಿನ ಬಲ ಅರ್ಧ ದಾರಿಯಲ್ಲೇ ಮುಗಿದು, ಪಾಪರ್ ಕಲ್ಲಿನಂತೆ ಬೀಳುತ್ತದೆ. ಇದಕ್ಕೆ 4 ನಂಬರು ಬೇಕು. ಕ್ರಾಪಿಯ ಬಾಯಿ ದೊಡ್ಡದು, ಅದಕ್ಕೆ ಬಳಸುವ 6, 8ನೇ ಕೊಕ್ಕೆಯ ಭಾರದ ಫ್ಲೈಗಳಿಗೂ 4ಕ್ಕಿಂತ ಕೆಳಗಿಳಿಯುವುದು ಬೇಡ.

ಗಾಳಿಯೂ ಹಾಗೆಯೇ. ಲೈನಿನ ದಪ್ಪ ಅರ್ಧವಾದರೆ ತೂಕ ಕಾಲು ಭಾಗಕ್ಕೆ ಇಳಿಯುತ್ತದೆ, ಆದರೆ ಗಾಳಿಗೆ ಒಡ್ಡುವ ಮೈ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ಸಣ್ಣ ಲೈನ್ ತನ್ನ ತೂಕಕ್ಕೆ ಮೀರಿದ ಗಾಳಿಯನ್ನು ಎದುರಿಸುತ್ತದೆ. ಗಾಳಿ ಬೀಸುವ ಮಧ್ಯಾಹ್ನ 1 ನಂಬರಿನ ಕೋಲು ಹಿಡಿದು ಕೆರೆಗೆ ಹೋದರೆ ಆ ದಿನ ಹಾಳು.

ಇನ್ನೊಂದು ವಿಷಯ, ಇದು ನನ್ನ ಮನಸ್ಸಿಗೆ ಹತ್ತಿರವಾದದ್ದು. ಬ್ಲೂಗಿಲ್ ಇರುವ ಕೆರೆಯಲ್ಲಿ ಸಾಮಾನ್ಯವಾಗಿ ಲಾರ್ಜ್‌ಮೌತ್ ಬಾಸ್ ಎಂಬ ದೊಡ್ಡ ಮೀನು ಕೂಡ ಇರುತ್ತದೆ. ಅದಕ್ಕೆ ನಿಮ್ಮ ಕೋಲಿನ ನಂಬರು ಗೊತ್ತಿಲ್ಲ. ಪಾಪರ್ ಕಂಡರೆ ನುಂಗುತ್ತದೆ. 1 ನಂಬರಿನ ಕೋಲಿನಲ್ಲಿ ಅದನ್ನು ದಡಕ್ಕೆ ತರಲು ಬಹಳ ಹೊತ್ತು ಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ಅಷ್ಟು ಹೊತ್ತು ಒದ್ದಾಡಿದ ಮೀನನ್ನು ಬಿಟ್ಟರೂ ಅದು ಬದುಕುತ್ತದೆ ಎಂಬ ಭರವಸೆ ಇಲ್ಲ. ಒಮ್ಮೆ ನನ್ನ ಕೈಯಿಂದ ಹೋದ ಒಂದು ಬಾಸ್ ನೀರಿನಲ್ಲಿ ಹೊಟ್ಟೆ ಮೇಲಾಗಿ ತೇಲಿತು. ಎಷ್ಟು ಹೊತ್ತು ಹಿಡಿದು ನಿಲ್ಲಿಸಿದರೂ ಅದು ಈಜಲಿಲ್ಲ. ಆ ಬೇಸಿಗೆಯ ನಂತರ ಬಾಸ್ ಇರುವ ಕೆರೆಗೆ ನಾನು 3 ನಂಬರಿಗಿಂತ ಕೆಳಗಿನ ಕೋಲು ಒಯ್ದಿಲ್ಲ. ಗೂಡಿನ ಕಾಲದಲ್ಲಿ ಗೂಡು ಕಾಯುವ ಗಂಡು ಬ್ಲೂಗಿಲ್ ಸಿಕ್ಕರೆ ಕೈ ಒದ್ದೆ ಮಾಡಿಕೊಂಡು, ಬೆನ್ನಿನ ಮುಳ್ಳುಗಳನ್ನು ಹಿಂದಕ್ಕೆ ಒತ್ತಿ ಹಿಡಿದು, ಬೇಗ ಬಿಟ್ಟುಬಿಡಿ. ಅದು ಇಲ್ಲದ ಗೂಡಿನ ಮೊಟ್ಟೆಗಳನ್ನು ಬೇರೆ ಮೀನುಗಳು ತಿಂದುಹಾಕುತ್ತವೆ.

ಲೈನಿನ ಆಕಾರದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. ಮುಂಭಾಗ ಮಾತ್ರ ಭಾರವಿರುವ ವೇಟ್ ಫಾರ್ವರ್ಡ್ ಬೇಕೋ, ಎರಡೂ ತುದಿ ಸಮನಾಗಿ ಸಣ್ಣಗಾಗುವ ಡಬಲ್ ಟೇಪರ್ ಬೇಕೋ ಎಂದು ಜಗಳವೇ ನಡೆಯುತ್ತದೆ. ಮೊದಲ ಮೂವತ್ತಡಿಯೊಳಗೆ ಎರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ, ನಾವು ಅದರಾಚೆ ಹೋಗುವುದೂ ಇಲ್ಲ. ನಾನು ಡಬಲ್ ಟೇಪರ್ ಕೊಳ್ಳುತ್ತೇನೆ, ಯಾಕೆಂದರೆ ಒಂದು ತುದಿ ಸವೆದಾಗ ತಿರುಗಿಸಿ ಹಾಕಿದರೆ ಹೊಸ ಲೈನ್ ಸಿಕ್ಕಂತೆಯೇ. ಲೀಡರು ಏಳೂವರೆ ಅಡಿ ಸಾಕು. ತುದಿಗೆ 4ಎಕ್ಸ್ ಅಥವಾ 5ಎಕ್ಸ್ (ಎಕ್ಸ್ ಎನ್ನುವುದು ಲೀಡರಿನ ತುದಿಯ ದಪ್ಪದ ಗುರುತು). ಪಾಪರ್ ಕಟ್ಟುವಾಗ ಲೀಡರನ್ನು ಇನ್ನೂ ಗಿಡ್ಡ ಮಾಡಿ. ರೀಲು ಲೈನ್ ಸುತ್ತಿಡುವ ಜಾಗ, ಅಷ್ಟೇ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬರು ಕೇಳಿದರು: "ಒಂದೇ ಕೋಲು, ಒಂದೇ ಲೈನ್ ಕೊಳ್ಳುವುದಾದರೆ ಯಾವುದು ಹೇಳುತ್ತೀರಿ?" ಏಳರಿಂದ ಏಳೂವರೆ ಅಡಿಯ, 3 ನಂಬರಿನ ಮೆತ್ತನೆ ಕೋಲು, ಅದಕ್ಕೆ ತೂಗಿ ನೋಡಿದಾಗ ನಿಜವಾಗಿ 100 ಗ್ರೇನ್ ಇರುವ ಲೈನ್. ಕೈಗೆ ಸಿಕ್ಕಿರುವುದು ಬಿರುಸು ಕೋಲಾದರೆ 120 ಗ್ರೇನಿನದು. ತೇಲುವ ದೋಣಿಯಲ್ಲಿ ಕುಳಿತು ಎಸೆಯುವವರು ನೀರಿಗೆ ಬಹಳ ಹತ್ತಿರ ಇರುತ್ತಾರೆ. ಹಿಂದಕ್ಕೆ ಎಸೆದ ಲೈನ್ ನೀರಿಗೆ ತಾಗದಿರಲು ಅವರಿಗೆ ಎಂಟಡಿ ಮೀರಿದ ಕೋಲು ಒಳ್ಳೆಯದು.

ಇನ್ನೊಬ್ಬರ ಪ್ರಶ್ನೆ ನನಗೆ ಬಹಳ ಹಿಡಿಸಿತು. "ನನ್ನ ಮಗಳಿಗೆ ಒಂಬತ್ತು ವರ್ಷ. ಅವಳ ಕೈಗೆ ಹಗುರ ಎಂದು 2 ನಂಬರು ಕೊಟ್ಟೆ, ಅವಳಿಗೆ ಎಸೆಯಲು ಬರುತ್ತಿಲ್ಲ." ಕೋಲು ಹಗುರವಾದಷ್ಟೂ ಕಲಿಯಲು ಸುಲಭ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಕಲಿಯುವ ಕೈಗೆ ಬೇಕಾದದ್ದು ಹಿಂದೆ ಲೈನ್ ಬಿಚ್ಚಿಕೊಂಡು ಕೋಲನ್ನು ಎಳೆಯುವ ಆ ಕ್ಷಣದ ಸುಳಿವು. ಹದಿನೈದು ಅಡಿ 2 ನಂಬರಿನ ಲೈನ್ ಆ ಸುಳಿವನ್ನು ಕೊಡುವುದೇ ಇಲ್ಲ. ಅದೇ ಕೋಲಿಗೆ 3 ಅಥವಾ 4 ನಂಬರಿನ ಲೈನ್ ಹಾಕಿ, ಫ್ಲೈ ಬದಲು ಒಂದು ಎಳೆ ಉಣ್ಣೆ ಕಟ್ಟಿ ಹುಲ್ಲಿನ ಮೇಲೆ ಎಸೆಯಲು ಬಿಡಿ ಎಂದೆ. ಹೊರಗೆ ಇನ್ನೂ ಬೆಳಕಿತ್ತು. ಹುಡುಗಿ ಅಲ್ಲೇ ಕೊನೆಯ ಸಾಲಿನಲ್ಲಿ ಕುಳಿತಿದ್ದಳು. ಮೇಜಿನ ಮೇಲಿದ್ದ 114 ಗ್ರೇನಿನ ಆ ಲೈನನ್ನೇ ಅವಳ ಕೋಲಿಗೆ ಪೋಣಿಸಿದೆವು. ಐದಾರು ಸಲ ಲೈನ್ ಅವಳ ಕಾಲ ಬಳಿಯೇ ರಾಶಿ ಬಿತ್ತು. ಆಮೇಲೆ ಒಮ್ಮೆ ಅವಳು ಕೋಲನ್ನು ಹಿಂದೆ ನಿಲ್ಲಿಸಿ, ತಲೆ ತಿರುಗಿಸಿ ನೋಡಿ, "ಎಳೀತು" ಎಂದಳು. ಮುಂದಿನ ಎಸೆತದಲ್ಲಿ ಉಣ್ಣೆಯ ಎಳೆ ಇಪ್ಪತ್ತಡಿ ಆಚೆ, ಹುಲ್ಲಿನ ಮೇಲೆ ನೇರವಾಗಿ ಹೋಗಿ ಕೂತಿತು.